ಪರಸ್ಥಾನಕ್ಕೆ ಹೋದ ಚೀಲ

ಭೀಮಾಬಾಯಿಯವರಿಗೆ ಗಣಿತ ಬರುತ್ತಿರಲಿಲ್ಲ, ರಾಹುಕಾಲ ಬರುತ್ತಿತ್ತು. ಏಳು ವಾರಗಳದ್ದೂ ನಾಲಿಗೆ ತುದಿಯಲ್ಲಿತ್ತು. ಹಾಗಾಗಿ ಭಾನುವಾರ ಮಧ್ಯಾಹ್ನ ಮೊಮ್ಮಗಳು ವೃಂದಾ ಊಟಕ್ಕೆ ಕೂತು, "ನಾಳೆ ಒಂಬತ್ತೂವರೆಗೆ ವೈವಾ ಅಜ್ಜಿ, ಎಂಟೂವರೆಗೆ ಮನೆ ಬಿಡ್ತೀನಿ" ಎಂದಾಗ ಸಾರಿನ ಸೌಟು ಗಾಳಿಯಲ್ಲೇ ನಿಂತಿತು.

"ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಕಣೇ! ಆ ಹೊತ್ತಲ್ಲಿ ಯಾರಾದರೂ ಹೊಸಿಲು ದಾಟ್ತಾರಾ?"

"ಹಾಗಾದ್ರೆ ಪ್ರೊಫೆಸರಿಗೆ ಫೋನ್ ಮಾಡಿ, ರಾಹು ಹೋದ್ಮೇಲೆ ಬರ್ತೀನಿ ಸರ್ ಅನ್ಲಾ?"

"ಕಿಂಡಲ್ ಮಾಡಬೇಡ. ಪರಸ್ಥಾನ ಇಟ್ಟರಾಯ್ತು."

ವೃಂದಾಳ ತಂದೆ ಗುರುಚರಣ ಬ್ಯಾಂಕಿನಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುತ್ತಿದ್ದರು. ಮನೆಯಲ್ಲಿ ತಾಯಿಯ ಎದುರು ಮಜ್ಜಿಗೆ ಹಾಕಿಸಿಕೊಂಡು ತಲೆ ತಗ್ಗಿಸುವುದಷ್ಟೇ ಅವರ ಕೆಲಸ. ಮೈಲಾಪೂರಿನ ಆ ಹಳೆಯ ಫ್ಲಾಟಿನಲ್ಲಿ ತಮಿಳು ಬೆರೆತ ಕನ್ನಡ, ಉತ್ತರಾದಿ ಮಠದ ಪಂಚಾಂಗ ಮತ್ತು ಅಜ್ಜಿಯ ಮಾತು, ಈ ಮೂರೂ ಮೂರು ತಲೆಮಾರಿನಿಂದ ಹಾಗೇ ನಡೆದು ಬಂದಿದ್ದವು.

ಪರಸ್ಥಾನ ಎಂದರೆ ರಾಹುವಿಗೆ ಟೋಪಿ ಹಾಕುವ ಉಪಾಯ. ಹೊರಡಬೇಕಾದ ಹೊತ್ತು ಕೆಟ್ಟದ್ದಾದರೆ, ಹಿಂದಿನ ಒಳ್ಳೆಯ ಹೊತ್ತಿನಲ್ಲೇ ಪ್ರಯಾಣದ ಚೀಲವನ್ನು ಒಯ್ದು ಪಕ್ಕದ ಮನೆಯಲ್ಲಿಟ್ಟು ಬರುವುದು. ಚೀಲ ಹೊರಟರೆ ಯಜಮಾನರೂ ಹೊರಟ ಲೆಕ್ಕ. ಮಾರನೆಯ ದಿನ ಚೀಲ ಎತ್ತಿಕೊಂಡು ಹೋದರೆ ಅದು ಹೊಸ ಪ್ರಯಾಣವಲ್ಲ, ನಿನ್ನೆಯದರ ಮುಂದುವರಿಕೆ. ಇಷ್ಟು ಸಲೀಸಾಗಿ ಮೋಸ ಹೋಗುವ ಗ್ರಹಕ್ಕೆ ಜನ ಯಾಕೆ ಹೆದರುತ್ತಾರೋ ವೃಂದಾಳಿಗೆ ತಿಳಿಯದು. ಆದರೂ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಹಿಂದೆ ಹೋಗಿ, ಪಕ್ಕದ ಫ್ಲಾಟಿನ ಕಲಾವತಿ ಮಾಮಿಯ ಉಯ್ಯಾಲೆಯ ಮೇಲೆ ತನ್ನ ಚೀಲ ಇಟ್ಟು ಬಂದಳು.

ಆ ಚೀಲದಲ್ಲಿ ಅವಳ ಜೀವವೇ ಇತ್ತು ಅನ್ನಿ. ಎಂ.ಎಸ್ಸಿ. ಗಣಿತದ ಕೊನೆಯ ಮೌಖಿಕ ಪರೀಕ್ಷೆಗೆ, ಅದೇ ವೈವಾಕ್ಕೆಂದು ಮೂರು ಬಣ್ಣದ ಪೆನ್ನಿನಲ್ಲಿ ಬರೆದ, ಪ್ರೊಜೆಕ್ಟರಿನ ಮೇಲಿಟ್ಟು ತೋರಿಸುವ ಪಾರದರ್ಶಕ ಹಾಳೆಗಳು. ವೃಂದಾ ಕಪ್ಪು ಹಲಗೆ ಕಂಡರೆ ಮಾರು ದೂರ ಓಡುವವಳು. ಓದಿದ್ದು ಅಕ್ಷರಶಃ ನೆನಪಿರುತ್ತಿತ್ತು. ಪರೀಕ್ಷೆಯಲ್ಲಿ ಅವಳೇ ಮೊದಲು. ಆದರೆ ಅರ್ಥವಾಗಿ ನೆನಪಿದೆಯೋ ಬರೀ ಗಟ್ಟು ಹೊಡೆದು ನೆನಪಿದೆಯೋ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ. ಮಾರ್ಗದರ್ಶಕರಾದ ಪ್ರೊಫೆಸರ್ ಕೋದಂಡಪಾಣಿಯವರಿಗೂ ಅದೇ ಅನುಮಾನ. ಮುಂದೆ ನಿಮ್ಮ ಹತ್ತಿರವೇ ಸಂಶೋಧನೆ ಮಾಡುತ್ತೇನೆ ಸರ್ ಎಂದು ಕೇಳಿದಾಗ ಅವರು ಹಾಳೆಗಳನ್ನು ತಿರುವಿ, "ನಿನ್ನ ಅಕ್ಷರ ಬಹಳ ಚೆನ್ನಾಗಿದೆಯಮ್ಮ. ಅದೇ ನನ್ನ ಭಯ. ವೈವಾ ಆಗಲಿ, ಹೇಳುತ್ತೇನೆ" ಎಂದಿದ್ದರು. ಆ ಮಾತು ಅಂದಿನಿಂದ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಸೋಮವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, ದೇವರಿಗೆ ನಮಸ್ಕಾರ ಮಾಡಿ, ಪಕ್ಕದ ಮನೆಗೆ ಹೋದರೆ ಬಾಗಿಲಲ್ಲಿ ಅಂಗೈಯಗಲದ ಬೀಗ.

ತಾಂಬರದಲ್ಲಿದ್ದ ಮಾಮಿಯ ಮಗಳಿಗೆ ಹೆರಿಗೆ ನೋವು ಶುರುವಾಗಿ, ಮಾಮಿ ಬೆಳಗಿನ ಮೊದಲ ಎಲೆಕ್ಟ್ರಿಕ್ ರೈಲು ಹಿಡಿದು ಹೋಗಿದ್ದರು. ಕೆಳಗಿನ ವಾಚ್‌ಮನ್ ಇದನ್ನು ಬಹಳ ಸಂತೋಷದಿಂದ ಹೇಳಿದ. ಆ ಸಂಭ್ರಮದಲ್ಲಿ ಪಕ್ಕದ ಮನೆಯ ಚೀಲ ಯಾರಿಗೆ ನೆನಪಿರುತ್ತದೆ?

ಗುರುಚರಣರು ಸುತ್ತಿಗೆ ಹುಡುಕತೊಡಗಿದರು. ವೃಂದಾ ಅಳುವುದೊಂದು ಬಾಕಿ. "ನಿನ್ನ ಪರಸ್ಥಾನಕ್ಕೆ ಬೆಂಕಿ ಹಾಕ! ಈಗ ನಾನೇನು ತೋರಿಸ್ಲಿ ಅಲ್ಲಿ? ಮೊಗಾನಾ?"

ಅಜ್ಜಿ ಒಂದು ಕ್ಷಣ ಪೆಚ್ಚಾದರು. ಆದರೆ ಪೆಚ್ಚಾಗಿಯೇ ಇರುವುದು ಅವರ ಜಾಯಮಾನವಲ್ಲ. "ಮಾಮಿ ಬೀಗ ಹಾಕಿರೋದು ಚೀಲಕ್ಕೆ, ನಿನ್ನ ತಲೆಗಲ್ಲ. ಎರಡು ವರ್ಷ ಓದಿದ್ದು ಚೀಲವೋ ನೀನೋ? ಹೊರಡು, ಟೈಮ್ ಆಗತ್ತೆ."

ಕಂಬಗಳ ಮೇಲೆ ಹಾರಿದ ಹಾಗೆ ಓಡುವ ಪರಕ್ಕುಂ ರೈಲಿನಲ್ಲಿ ಕಿಟಕಿ ಪಕ್ಕ ಕೂತು ವೃಂದಾ ಹಾಳೆಗಳನ್ನು ಒಂದೊಂದಾಗಿ ನೆನೆದಳು. ಬಣ್ಣಗಳೆಲ್ಲ ಚೆನ್ನಾಗಿ ನೆನಪಾದವು.

ಕಡಲಿಗೆ ಎದುರಾಗಿದ್ದ ವಿಭಾಗದ ಕೋಣೆಯಲ್ಲಿ ಕೋದಂಡಪಾಣಿಯವರೂ, ತಿರುಚ್ಚಿಯಿಂದ ಬಂದ ಹೊರಗಿನ ಪರೀಕ್ಷಕರೂ ಕೂತಿದ್ದರು. ಪರೀಕ್ಷಕರದು ದೊಡ್ಡ ಮೀಸೆ, ಹಣೆ ತುಂಬ ವಿಭೂತಿ. ಹಾಳೆಗಳಿಲ್ಲ ಎಂದು ವೃಂದಾ ಹೇಳಿದಾಗ ಕೋದಂಡಪಾಣಿಯವರು ಹುಬ್ಬೇರಿಸಿ, ಏನೂ ಕೇಳದೆ ಚಾಕ್‌ಪೀಸ್ ತೋರಿಸಿದರು. ಹಲಗೆ ಅಷ್ಟು ದೊಡ್ಡದಿದೆ ಎಂದು ವೃಂದಾ ಅದಕ್ಕೆ ಮೊದಲು ಗಮನಿಸಿರಲಿಲ್ಲ.

ಮೊದಲರ್ಧ ಹೇಗೋ ಸಾಗಿತು. ಆಮೇಲೆ ಪರೀಕ್ಷಕರು ಕೈ ಎತ್ತಿದರು. "ನಿನ್ನ ಈ ಲೀನಿಯರ್ ಮ್ಯಾಪ್ ಸೊನ್ನೆಯ ಬಳಿ ಎಗರದೆ ಬೀಳದೆ ನಯವಾಗಿ ಸಾಗುತ್ತದೆ ಎಂದು ತೋರಿಸಿದೆ. ಒಪ್ಪಿದೆ. ದೂರದ ಇನ್ನೊಂದು ಬಿಂದುವಿನಲ್ಲೂ ಹಾಗೇ ಸಾಗುತ್ತದೆ ಎಂದು ಯಾರು ಹೇಳಿದರು?"

ಹಾಳೆಯಲ್ಲಿ ಆ ಜಾಗದಲ್ಲಿ ಹಸಿರು ಶಾಯಿಯ ಒಂದೇ ಪದವಿತ್ತು: ಕ್ಲಿಯರ್ಲಿ. ಪುಸ್ತಕದಿಂದ ಇಳಿಸಿಕೊಂಡದ್ದು. ಗಣಿತದ ಪುಸ್ತಕ ಬರೆಯುವವರು ತಮಗೆ ಬೇಸರ ಬಂದ ಕಡೆಯೆಲ್ಲ ಈ ಪದ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಇದೇ ಪ್ರಶ್ನೆಗೆ ವೃಂದಾ ಎರಡನೇ ಸೆಮಿಸ್ಟರಿನಲ್ಲಿ ತರಗತಿಯ ನೋಟ್ಸ್ ಗಟ್ಟು ಹೊಡೆದು ಉತ್ತರ ಬರೆದು ಪೂರ್ತಿ ಅಂಕ ತೆಗೆದಿದ್ದಳು. ಈಗ ಅದರ ಒಂದು ಸಾಲೂ ತಲೆಗೆ ಬರಲಿಲ್ಲ. ಕೋದಂಡಪಾಣಿಯವರು ಕಿಟಕಿಯಾಚೆ ನೋಡತೊಡಗಿದರು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಎಲ್ಲ ಆ ಚೀಲದಿಂದ, ಅಂದುಕೊಂಡಳು ಸಿಟ್ಟಿನಿಂದ. ನಾನಿಲ್ಲಿ ಬೆವರುತ್ತಿದ್ದೇನೆ, ಅದು ಮಾಮಿಯ ಉಯ್ಯಾಲೆಯ ಮೇಲೆ ಆರಾಮಾಗಿ ಕೂತಿದೆ. ಹೊರಡಲಾಗದ ಕಡೆಯಿಂದ ಹೊರಡಬೇಡ, ಎಲ್ಲಿಂದ ಹೊರಟರೆ ಸುಖವೋ ಅಲ್ಲಿಗೆ ಚೀಲ ಸಾಗಿಸು, ಅಲ್ಲಿಂದ ಹೊರಡು...

ವೃಂದಾ ತಟ್ಟನೆ ತಿರುಗಿದಳು. ಮತ್ತೆ ಹಲಗೆ ನೋಡಿದಳು. ಸಾಗಿಸು!

ದೂರದ ಬಿಂದುವಿನ ಬಳಿ ಏನಾಗುತ್ತದೋ ಗೊತ್ತಿಲ್ಲ, ಸರಿ. ಎಲ್ಲದರಿಂದಲೂ ಆ ಬಿಂದುವನ್ನು ಕಳೆದುಬಿಟ್ಟರೆ? ಇಡೀ ಸಂಸಾರ ಸೊನ್ನೆಯ ಪಕ್ಕಕ್ಕೆ ಬಂದು ಕೂರುತ್ತದೆ. ಅಲ್ಲಿ ಏನಾಗುತ್ತದೆ ಎಂದು ಆಗಲೇ ಗೊತ್ತು. ಲೀನಿಯರ್ ಆದದ್ದರಿಂದ ಕಳೆದರೂ ಕೂಡಿಸಿದರೂ ಅದು ಜೊತೆಗೇ ಬರುತ್ತದೆ. ಕೆಲಸ ಮುಗಿದ ಮೇಲೆ ಕಳೆದದ್ದನ್ನು ಮತ್ತೆ ಕೂಡಿಸಿದರಾಯಿತು. ಎರಡೇ ಸಾಲು. ಚಾಕ್‌ಪೀಸ್ ತುಂಡಾಗುವಷ್ಟು ಒತ್ತಿ ಬರೆದಳು. ಅಕ್ಷರ ಸೊಟ್ಟಗಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಇದು ನೆನಪಾದದ್ದಲ್ಲ, ಕಂಡದ್ದು. ಆ ವ್ಯತ್ಯಾಸ ಅವಳಿಗೆ ಮೊಟ್ಟಮೊದಲ ಬಾರಿ ಗೊತ್ತಾಗಿತ್ತು.

"ಪುಸ್ತಕದಲ್ಲಿದ್ದದ್ದೋ?" ಕೋದಂಡಪಾಣಿಯವರು ಕಿಟಕಿಯಿಂದ ಇತ್ತ ತಿರುಗಿದ್ದರು.

"ಪುಸ್ತಕದಲ್ಲಿ ಕ್ಲಿಯರ್ಲಿ ಅಂತಷ್ಟೇ ಇದೆ ಸರ್. ಇದು ಪಕ್ಕದ ಮನೆಯಲ್ಲಿ ಸಿಕ್ಕಿತು" ಎಂದುಬಿಟ್ಟಳು. ಬಾಯಿ ಜಾರಿದ ಮೇಲೆ ಇನ್ನೇನು? ರಾಹುಕಾಲ, ಚೀಲ, ಬೀಗ, ತಾಂಬರದ ಬಸುರಿ, ಎಲ್ಲ ಹೇಳಬೇಕಾಯಿತು.

ಪರೀಕ್ಷಕರು ಮೀಸೆ ಕುಣಿಯುವ ಹಾಗೆ ನಕ್ಕರು. ಆಮೇಲೆ ದನಿ ತಗ್ಗಿಸಿ, "ನನ್ನ ಸೂಟ್‌ಕೇಸ್ ಮೊನ್ನೆಯಿಂದ ಎದುರು ಮನೆಯಲ್ಲಿತ್ತಮ್ಮ. ನನ್ನ ಹೆಂಡತಿಯ ಕೆಲಸ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಇವೆರಡೂ ಒಂದೇ ಎಂದು ನನಗೆ ಹೊಳೆದಿರಲಿಲ್ಲ" ಎಂದರು.

ಕೋದಂಡಪಾಣಿಯವರು ಎದ್ದು ಹಲಗೆಯ ಹತ್ತಿರ ಬಂದು ಆ ಸೊಟ್ಟ ಸಾಲುಗಳನ್ನು ನೋಡಿದರು. "ಜುಲೈನಲ್ಲಿ ಬಂದು ಸೇರಿಕೋ. ಹಾಳೆ ಮಾತ್ರ ತರಬೇಡ."

ಸಂಜೆ ಕಲಾವತಿ ಮಾಮಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೈಸೂರ್‌ಪಾಕಿನ ಡಬ್ಬಿ ಹಿಡಿದು ಓಡಿ ಬಂದರು. ಹೆಣ್ಣು ಮಗುವಂತೆ. "ಅಯ್ಯೋ, ಮನ್ನಿಚ್ಚುಡು ಕಣ್ಣಾ" ಎಂದು ಕ್ಷಮೆ ಕೇಳುತ್ತ ವೃಂದಾಳ ಗಲ್ಲ ಹಿಡಿದುಕೊಂಡರು. ವೃಂದಾ ಅವರ ಬಾಯಿಗೇ ಒಂದು ತುಂಡು ಮೈಸೂರ್‌ಪಾಕು ಇಟ್ಟಳು.

ಅಜ್ಜಿ ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ, ನೀರೂ ಸರಿಯಾಗಿ ಕುಡಿದಿರಲಿಲ್ಲ ಎಂದು ಗುರುಚರಣರು ಗುಟ್ಟಾಗಿ ಹೇಳಿದರು. ಈಗ ಮಾತ್ರ ಏನೂ ಆಗದವರ ಹಾಗೆ ಬತ್ತಿ ಹೊಸೆಯುತ್ತಿದ್ದರು. ವೃಂದಾ ಹೋಗಿ ಅವರ ಮಡಿಲಲ್ಲಿ ತಲೆ ಇಟ್ಟಳು.

"ಅಜ್ಜಿ, ಚೀಲ ಖಾಲಿ ಮಾಡಿದೀನಿ. ಜುಲೈಗೆ ಸಂಶೋಧನೆಗೆ ಸೇರಬೇಕಲ್ಲ, ಈಗಲೇ ಮಾಮಿ ಮನೆಯಲ್ಲಿ ಇಟ್ಟುಬಿಡ್ಲಾ?"

ಭೀಮಾಬಾಯಿ ಅವಳ ತಲೆಗೊಂದು ಮೊಟಕಿದರು.

"ಮೂರು ದಿನದ ಮೇಲೆ ಪರಸ್ಥಾನ ನಿಲ್ಲಲ್ಲ ಕಣೇ. ಮನಸ್ಸಿಗೆ ಬಂದ ಹಾಗೆ ಮಾಡೋಕೆ ಇದೇನು ನಿಮ್ಮ ಗಣಿತವಾ?"