ಚಪ್ಪಾಳೆಯ ಜಾಗ

ಸುದ್ದಿವಾಹಿನಿಯ ಎಡಿಟಿಂಗ್ ರೂಮಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕತ್ತರಿ ಅಂತಲೇ. ಅಡ್ಡಹೆಸರು ಇಟ್ಟವರು ಹೊಗಳಿಕೆಗೇ ಇಟ್ಟಿದ್ದರು. ಒಂದು ಗಂಟೆಯ ಭಾಷಣವನ್ನು ಒಂದು ನಿಮಿಷಕ್ಕೆ ಇಳಿಸಿ, ಎಲ್ಲಿ ಕತ್ತರಿಸಿದಳು ಎಂದು ನೋಡುವವರ ಕಣ್ಣಿಗೆ ಬೀಳದ ಹಾಗೆ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಆ ಕಟ್ಟಡದಲ್ಲಿ ಇರಲಿಲ್ಲ. ಕಿಟಕಿಯಿಲ್ಲದ ರೂಮು, ಮೂಳೆ ಕೊರೆಯುವ ಏಸಿ, ಸ್ಪಂಜು ಕಿತ್ತುಹೋದ ಹೆಡ್‌ಫೋನು, ಎದುರಿಗೆ ಎರಡು ಪರದೆ. ಇಷ್ಟರಲ್ಲೇ ಹಗಲೆಲ್ಲ ಕೂತು ಊರಿನವರ ಬಾಯಿಗೆ ಅಳತೆ ಹಾಕುವ ಕೆಲಸ.

ಆ ಕೆಲಸದಲ್ಲಿ ತೇಪೆ ಎಂದು ಒಂದಿದೆ. ಭಾಷಣದ ನಡುವಿನ ಮಾತು ತೆಗೆದು ಹಿಂದಿನದನ್ನೂ ಮುಂದಿನದನ್ನೂ ಕೂಡಿಸಿದರೆ ಮಾತನಾಡುವವನ ತಲೆ ಒಮ್ಮೆಲೇ ಎಡಕ್ಕಿದ್ದದ್ದು ಬಲಕ್ಕೆ ಹಾರುತ್ತದೆ. ನೋಡುವವನಿಗೆ ತಕ್ಷಣ ಅನುಮಾನ. ಆ ಜಾಗದಲ್ಲಿ ಕೇಳುತ್ತ ಕೂತ ಜನರ ಮುಖ ತೋರಿಸಿಬಿಟ್ಟರೆ ಮುಗಿಯಿತು, ಕೆಳಗೆ ಏನು ಹರಿದಿದೆ ಎಂದು ಯಾರಪ್ಪನಿಗೂ ತಿಳಿಯುವುದಿಲ್ಲ. ತಲೆಯಾಡಿಸುವ ಮುದುಕ, ನಗುವ ಹುಡುಗಿ, ಚಪ್ಪಾಳೆ ತಟ್ಟುವ ಹೆಂಗಸು. ಯಾರಾದರೂ ನಡೆಯುತ್ತದೆ.

ಚುನಾವಣೆಯ ಕಾಲ. ಕಣದಲ್ಲಿ ಇಬ್ಬರು. ಒಬ್ಬರು ಮೇಷ್ಟ್ರು, ಪಾಠ ಹೇಳುವುದು ಬಿಟ್ಟು ರಾಜಕೀಯಕ್ಕೆ ಬಂದವರು, ಬಾಯಿ ಸ್ವಲ್ಪ ಒರಟು. ಇನ್ನೊಬ್ಬರು ಧಣಿ. ಧಣಿಯ ಮನೆಗೆ ವಾಹಿನಿಯ ಮಾಲೀಕರ ಮಗಳನ್ನು ಕೊಟ್ಟಿತ್ತು. ಬೀಗರು ಎಂದಮೇಲೆ ಹೆಚ್ಚಿಗೆ ಹೇಳುವುದೇನಿದೆ! ಸುದ್ದಿ ಮುಖ್ಯಸ್ಥನಿಗೆ ಎಲ್ಲರೂ ಗುಡುಗು ಎನ್ನುತ್ತಿದ್ದರು. ಮಾಲೀಕರ ಮುಂದೆ ಮಾತ್ರ ಆ ಗುಡುಗಿಗೆ ಸದ್ದೇ ಇರುತ್ತಿರಲಿಲ್ಲ. ಹಿಂದಿನ ವಾರ ಧಣಿ ಒಂದು ಸಭೆಯಲ್ಲಿ, ಆಸ್ಪತ್ರೆಯ ಆಯಾಗಳ ಮುಷ್ಕರದ ಮಾತು ಬಂದಾಗ, ಕಸ ಬಳಿಯುವವರಿಗೆಲ್ಲ ಬಾಯಿ ಬಂದರೆ ಊರು ಉದ್ಧಾರವಾದ ಹಾಗೇ ಅಂದಿದ್ದರು. ಗುಡುಗು ಅದನ್ನು ತೆಗೆಯಲು ಹೇಳಿದ. ಕತ್ತರಿ ತೆಗೆದಳು, ಮೇಲೆ ಒಬ್ಬ ಮುದುಕನ ತೇಪೆ ಹಾಕಿದಳು, ಕಾಫಿ ಕುಡಿಯಲು ಹೋದಳು. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಆಸ್ಪತ್ರೆಯ ಆಯಾನೇ. ಆ ಯೋಚನೆ ಅವಳ ತಲೆಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಕಾಫಿಯ ಜೊತೆ ಇಳಿದೂ ಹೋಯಿತು.

ಈ ವಾರ ಮೇಷ್ಟ್ರ ಸಭೆ ಬೆಳಗ್ಗೆಯೇ ಇತ್ತು. ವಾರ್ಡಿಗೆ ಇನ್ನಷ್ಟು ಕೈಗಳು ಬೇಕು ಎಂಬ ಮನವಿ ಹಿಡಿದು, ಆಯಾಗಳೆಲ್ಲರ ಪರವಾಗಿ ಚಿಕ್ಕಮ್ಮ ಒಬ್ಬಳೇ ಹೋಗಿದ್ದಳು. ಅವರೆಲ್ಲ ಸೇರಿ ಅವಳನ್ನೇ ಆರಿಸಿದ್ದರು. ಹೋಗುವಾಗ ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ತೆಗೆದು ಉಟ್ಟು, ಕನ್ನಡಿ ಮುಂದೆ ಎರಡೆರಡು ಸಲ ತಿರುಗಿ ನೋಡಿಕೊಂಡಿದ್ದಳು.

ಮಧ್ಯಾಹ್ನ ಸಭೆಯ ಚಿತ್ರಗಳು ಎಡಿಟಿಂಗ್ ರೂಮಿಗೆ ಬಂದವು. ಒಂದು ಕ್ಯಾಮರಾ ಮೇಷ್ಟ್ರ ಮೇಲೆ, ಇನ್ನೊಂದು ಜನರ ಮೇಲೆ. ಜನರ ಕಡೆಯದನ್ನು ಓಡಿಸುತ್ತಿದ್ದ ಕತ್ತರಿ ಕುರ್ಚಿಯಲ್ಲೇ ಎದ್ದು ಕೂತಳು. ಮುಂದಿನ ಸಾಲಿನಲ್ಲೇ ಚಿಕ್ಕಮ್ಮ! ಮೇಷ್ಟ್ರ ಮಾತು ಹೀಗೆ ಸಾಗಿತ್ತು: ‘ಆಸ್ಪತ್ರೆ ಆಯಾಗಳು ನಿದ್ದೆ ಹೊಡೀತಾರೆ, ನಾನೇ ಕಣ್ಣಾರೆ ನೋಡಿದೀನಿ. ನಮ್ಮಮ್ಮ ನೀರು ನೀರು ಅಂತ ಕೂಗ್ತಾ ಇದ್ರೆ ಒಬ್ಬಳೂ ಏಳಲಿಲ್ಲ.’ ಮಾತು ಕಟುವಾಗಿಯೇ ಇತ್ತು, ಸುಳ್ಳೇಕೆ. ಚಿಕ್ಕಮ್ಮನ ಮುಖ ಸಪ್ಪಗಾಯಿತು, ಅವಳು ತಲೆ ತಗ್ಗಿಸಿ ಸೆರಗಿನ ಅಂಚು ತಿರುವತೊಡಗಿದಳು. ಆಮೇಲೆ ಮೇಷ್ಟ್ರು ದನಿ ಇಳಿಸಿ, ಆ ರಾತ್ರಿ ವಾರ್ಡಿಗೆ ಇದ್ದವಳು ಒಬ್ಬಳೇ ಆಯಾ, ಅವಳು ಹಗಲು ಪಾಳಿ ಮುಗಿಸಿ, ಮನೆಗೂ ಹೋಗದೆ ರಾತ್ರಿ ಪಾಳಿಗೆ ನಿಂತವಳೆಂದು ಮರುದಿನ ತಿಳಿಯಿತು, ಅವಳನ್ನು ಬೈದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ, ಬೈಯುವ ಬದಲು ಅವಳ ಪಕ್ಕಕ್ಕೆ ಇನ್ನೊಬ್ಬಳನ್ನು ಕೊಡಬೇಕಿತ್ತು, ನಾನು ಗೆದ್ದರೆ ಕೊಡುತ್ತೇನೆ ಅಂದರು. ಚಿಕ್ಕಮ್ಮ ತಲೆಯೆತ್ತಿದಳು. ಬಾಯ್ತುಂಬ ನಕ್ಕು, ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದಳು. ಭಾಷಣದ ಕೊನೆಯಲ್ಲಿ ಮೇಷ್ಟ್ರು ಅಧಿಕಾರದಲ್ಲಿದ್ದವರನ್ನು ತರಾಟೆಗೆ ತೆಗೆದುಕೊಂಡು, ಕೆಲಸ ಮಾಡಲು ಆಗದವರು ಮನೆಗೆ ಹೋಗಲಿ ಎಂದು ಮುಗಿಸಿದ್ದರು.

ಕತ್ತರಿ ಆ ಚಪ್ಪಾಳೆಯನ್ನು ಅದರ ಜಾಗದಲ್ಲೇ, ಮೇಷ್ಟ್ರ ಭರವಸೆಯ ಬೆನ್ನಿಗೇ ಕೂರಿಸಿ ಸುದ್ದಿ ಕಟ್ಟಿದಳು. ಕಟ್ಟಿದವಳು ಸುಮ್ಮನಿರಬಾರದಿತ್ತೇ, ಖುಷಿ ತಡೆಯಲಾರದೆ ಚಿಕ್ಕಮ್ಮನಿಗೆ ಫೋನು ಮಾಡಿದಳು. ನಿನ್ನನ್ನು ಟೀವಿಯಲ್ಲಿ ಹಾಕಿದ್ದೇನೆ, ಸಂಜೆಯ ಸುದ್ದಿ ನೋಡು, ಎಲ್ಲರಿಗೂ ತೋರಿಸು ಎಂದಳು. ಮುದುಕಿಯನ್ನು ಯಾರು ನೋಡುತ್ತಾರೆ ಬಿಡೇ ಎಂದಳು ಚಿಕ್ಕಮ್ಮ, ಆದರೆ ದನಿಯಲ್ಲೇ ಹಿಗ್ಗು ತುಂಬಿ ತುಳುಕುತ್ತಿತ್ತು.

ಅಷ್ಟರಲ್ಲಿ ಗುಡುಗು ಒಳಗೆ ಬಂದ. ನೋಡಿದ. ಭರವಸೆ ಯಾರಿಗೆ ಬೇಕು, ಅದನ್ನು ಎಲ್ಲರೂ ಕೊಡುತ್ತಾರೆ, ನಿದ್ದೆಯ ಮಾತಿದೆಯಲ್ಲ ಅದು ಸುದ್ದಿ ಎಂದ. ನಡುವಿನದೆಲ್ಲ ತೆಗೆದು, ಒಬ್ಬಳೂ ಏಳಲಿಲ್ಲ ಎಂಬುದಕ್ಕೆ ಕೊನೆಯ ಮಾತು ಜೋಡಿಸು, ಮನೆಗೆ ಹೋಗಲಿ ಎಂಬುದು ಆಯಾಗಳಿಗೇ ಹೇಳಿದ ಹಾಗೆ ಬರಲಿ ಎಂದ. ಹತ್ತು ನಿಮಿಷದಲ್ಲಿ ಬೇಕು ಎಂದು ಬೆನ್ನ ಹಿಂದೆಯೇ ನಿಂತ. ಕತ್ತರಿ ನಡುವಿನದನ್ನು ತೆಗೆದಳು. ಮೇಷ್ಟ್ರ ತಲೆ ಹಾರಿತು. ಮುಚ್ಚು, ಮುಚ್ಚು ಎಂದ ಗುಡುಗು. ಚಪ್ಪಾಳೆಯ ಚಿತ್ರ ಅಲ್ಲೇ ಪಕ್ಕದಲ್ಲಿ ಬಿದ್ದಿತ್ತು. ವರ್ಷಗಟ್ಟಲೆ ಪಳಗಿದ ಕೈ ಅದನ್ನು ಎಳೆದು ಹರಿದ ಜಾಗದ ಮೇಲೆ ಇಟ್ಟುಬಿಟ್ಟಿತು. ಎಲ್ಲೂ ಗೀರಿಲ್ಲ, ಎಷ್ಟು ಚೆನ್ನಾಗಿ ಕೂತಿತೆಂದರೆ ಗುಡುಗು ಅವಳ ಬೆನ್ನು ತಟ್ಟಿ ಹೋದ. ಸುದ್ದಿ ಹೊರಟುಹೋದ ಮೇಲೆ, ಹೆಡ್‌ಫೋನು ತೆಗೆದಿಡುವಾಗ, ತಾನು ಯಾರ ಚಪ್ಪಾಳೆಯನ್ನು ಯಾವ ಮಾತಿನ ಮೇಲೆ ಇಟ್ಟೆ ಎಂದು ಅವಳಿಗೆ ಹೊಳೆಯಿತು.

ಆಸ್ಪತ್ರೆಯಲ್ಲಿ ಚಿಕ್ಕಮ್ಮ ಆಯಾಗಳನ್ನೆಲ್ಲ ಕರೆಕರೆದು ಟೀವಿಯ ಮುಂದೆ ಕೂರಿಸಿದ್ದಳು. ಎಲ್ಲರೂ ನೋಡಿದರು. ಆಯಾಗಳು ನಿದ್ದೆ ಹೊಡೀತಾರೆ, ಒಬ್ಬಳೂ ಏಳಲಿಲ್ಲ. ಚಿಕ್ಕಮ್ಮ ಬಾಯ್ತುಂಬ ನಕ್ಕು ಚಪ್ಪಾಳೆ ತಟ್ಟಿದಳು. ಕೆಲಸ ಮಾಡೋಕೆ ಆಗದವರು ಮನೆಗೆ ಹೋಗಲಿ. ಸುದ್ದಿ ಮುಗಿಯಿತು. ಯಾರೂ ಅವಳನ್ನು ಏನೂ ಕೇಳಲಿಲ್ಲವಂತೆ, ಒಬ್ಬೊಬ್ಬರೇ ಎದ್ದು ಹೋದರಂತೆ. ಮರುದಿನದ ಹೊತ್ತಿಗೆ ಆ ಚಪ್ಪಾಳೆ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು. ರೋಗಿಯ ಕಡೆಯವನೊಬ್ಬ ವಾರ್ಡಿನಲ್ಲೇ ಅವಳನ್ನು ನೋಡಿ, ನಿದ್ದೆ ಆಯ್ತಾ ಎಂದು ಕೇಳಿ ನಕ್ಕ. ಜೊತೆಯವರು ಅವಳ ಪಕ್ಕದಲ್ಲಿ ಕೂತು ಊಟ ಮಾಡುವುದನ್ನು ಬಿಟ್ಟರು. ಮೇಷ್ಟ್ರಿಗೆ ನಮ್ಮನ್ನು ಮಾರಿಕೊಂಡು ಬಂದಳು ಎಂಬ ಮಾತು ಬಟ್ಟೆ ಒಗೆಯುವ ಕೋಣೆಯಿಂದ ಶವಾಗಾರದವರೆಗೂ ಹಬ್ಬಿತು.

ಕತ್ತರಿ, ಚಿಕ್ಕಮ್ಮ ಇಬ್ಬರದು ಎರಡು ಕೋಣೆಯ ಮನೆ, ಮೆಟ್ಟಿಲು ಹತ್ತಿ ಹೋಗಬೇಕು. ಆ ರಾತ್ರಿ ಚಿಕ್ಕಮ್ಮ ಊಟಕ್ಕೆ ಕೂತವಳು ತಟ್ಟೆ ನೋಡುತ್ತಲೇ ಇದ್ದಳು. ಅವಳು ಬೈಯುತ್ತಾಳೆ, ಕೂಗಾಡುತ್ತಾಳೆ ಎಂದು ಕತ್ತರಿ ಕಾದಿದ್ದಳು. ಹಾಗೇನೂ ಆಗಲಿಲ್ಲ.

‘ಪುಟ್ಟಿ, ಒಂದು ಕೇಳ್ತೀನಿ,’ ಎಂದಳು ಚಿಕ್ಕಮ್ಮ. ‘ನಂಗೆ ನೆನಪಿರೋ ಹಾಗೆ ನಾನು ಆ ಮಾತಿಗೆ ತಟ್ಟಲಿಲ್ಲ ಕಣೇ. ಆಮೇಲೆ ಯಾವಾಗ್ಲೋ ತಟ್ಟಿದ್ದು. ಆದ್ರೆ ನೋಡ್ತಾ ನೋಡ್ತಾ ನಂಗೇ ಗೊತ್ತಾಗ್ತಿಲ್ಲ. ಹಾಕಿದವಳು ನೀನು. ನೀನೇನು ಸುಳ್ಳು ಹಾಕ್ತೀಯಾ? ನಾನೇ ತಟ್ಟಿರಬೇಕು, ಅಲ್ವಾ?’

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬಾಗಿಲು ತೆರೆದಿಟ್ಟು ಒಳಗೆ ಬಾ ಎಂದ ಹಾಗೆ ಕೇಳಿದ್ದಳು ಚಿಕ್ಕಮ್ಮ. ಹೇಳಿದರೆ ಇವಳು ನಾಳೆ ಬೆಳಗಾಗುವುದರೊಳಗೆ ಆಸ್ಪತ್ರೆಗೆಲ್ಲ ಹೇಳುತ್ತಾಳೆ, ಅಲ್ಲಿಂದ ಮೇಷ್ಟ್ರ ಕಡೆಯವರಿಗೆ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ, ಬೇರೆ ಯಾವ ವಾಹಿನಿಯವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದೆಲ್ಲ ಕತ್ತರಿ ಅದೊಂದು ಗಳಿಗೆಯಲ್ಲೇ ಲೆಕ್ಕ ಹಾಕಿದಳು. ‘ಇರಬಹುದು ಚಿಕ್ಕಮ್ಮ,’ ಎಂದಳು. ‘ಗಲಾಟೇಲಿ ಗೊತ್ತಾಗಲ್ಲ.’

ಇರಬೇಕು, ಥೂ, ಈ ಕೈಗೆ ಏನು ಬಂದಿತ್ತೋ ಎಂದು ಚಿಕ್ಕಮ್ಮ ತನ್ನ ಕೈಯನ್ನೇ ಬೈದುಕೊಂಡು, ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಕತ್ತರಿ ಗುಡುಗಿನ ಮುಂದೆ ನಿಂತಳು. ಚಪ್ಪಾಳೆ ತಟ್ಟಿದವಳು ನನ್ನ ಚಿಕ್ಕಮ್ಮ, ಅವಳು ತಟ್ಟಿದ್ದು ಬೇರೆ ಮಾತಿಗೆ, ಪೂರ್ತಿ ಭಾಷಣ ಒಂದು ಸಲ ಹಾಕೋಣ ಸರ್ ಎಂದಳು. ಗುಡುಗಿಗೆ ನಿಜಕ್ಕೂ ಪಾಪ ಅನ್ನಿಸಿತು, ಕೂರು ಎಂದ, ನೀರು ಕೊಟ್ಟ.

‘ಮೊದಲೇ ಹೇಳಬಾರದಾ ಮಾರಾಯ್ತಿ? ಈಗೇನು, ನಿಮ್ಮ ಚಿಕ್ಕಮ್ಮನ್ನ ತೆಗಿ, ಬೇರೆ ಯಾರದಾದ್ರೂ ಚಿಕ್ಕಮ್ಮನ್ನ ಹಾಕು.’

ಹೋದ ವಾರ ಧಣಿ ಹೇಳಿದ್ದು ಇದಕ್ಕಿಂತ ಕೆಟ್ಟದಿತ್ತಲ್ಲ ಸರ್ ಎಂದಳು. ಅದು ಬೇರೆ, ಇದು ಬೇರೆ ಎಂದ ಗುಡುಗು. ಹೇಗೆ ಬೇರೆ ಎಂದು ಅವಳು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮೇಷ್ಟ್ರು ಅಂದದ್ದು ಅಂದದ್ದೇ ತಾನೇ, ನಾವೇನು ಅವರ ಬಾಯಲ್ಲಿ ಮಾತು ತುರುಕಿದೆವಾ ಎಂದು ಅವನೇ ಸಮಾಧಾನ ಹೇಳಿ ಕಳಿಸಿದ.

ಅದಾದ ಎರಡು ದಿನಕ್ಕೆ ಚಿಕ್ಕಮ್ಮ ಮನೆಯಿಂದ ಹೊರಡುವಾಗ, ಇವತ್ತು ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೂ ಸೇರುತ್ತಾರೆ, ಕ್ಷಮೆ ಕೇಳಿಬಿಡುತ್ತೇನೆ, ಮುಂದಾಳು ಬೇರೆಯವರಾಗಲಿ ಅಂದಳು. ಮಾಡಿದ ತಪ್ಪಿಗೆ ಕೇಳಲೇಬೇಕಲ್ಲ ಅಂದಳು. ಆ ಮಾತು ಕತ್ತರಿಗೆ ಚುಚ್ಚಿತು. ಮಾಡದ ತಪ್ಪಿಗೆ ಚಿಕ್ಕಮ್ಮ ಎಲ್ಲರ ಮುಂದೆ ತಲೆಬಾಗುವುದನ್ನು ತಡೆಯಲೇಬೇಕು ಎಂದುಕೊಂಡಳು. ಆಫೀಸಿಗೆ ಹೋದವಳು, ಹೊರಗೆ ಒಯ್ಯಬಾರದೆಂಬ ಕಟ್ಟುನಿಟ್ಟಿದ್ದರೂ, ಜನರ ಕಡೆಯ ಕ್ಯಾಮರಾದ ಚಿತ್ರವನ್ನು ಮೊದಲಿಂದ ಕೊನೆವರೆಗೂ ತನ್ನ ಫೋನಿಗೆ ಇಳಿಸಿಕೊಂಡು, ಯಾರಿಗೂ ಹೇಳದೆ ಆಸ್ಪತ್ರೆಗೆ ಓಡಿದಳು.

ಆಯಾಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಮೂಲೆಯಲ್ಲಿ ಒದ್ದೆ ನೆಲಬಟ್ಟೆಗಳು, ಫಿನಾಯಿಲಿನ ವಾಸನೆ. ಅವಳು ಹೋಗುವ ಹೊತ್ತಿಗೆ ಚಿಕ್ಕಮ್ಮ ಕ್ಷಮೆ ಕೇಳಿ ಮುಗಿಸಿ, ಬೆಂಚಿನ ತುದಿಯಲ್ಲಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಕತ್ತರಿ ಏನೂ ಪೀಠಿಕೆ ಹಾಕದೆ ಫೋನು ಮುಂದೆ ಹಿಡಿದಳು. ನಿದ್ದೆಯ ಮಾತಿಗೆ ಚಿಕ್ಕಮ್ಮ ತಲೆ ತಗ್ಗಿಸಿದ್ದು, ಬಹಳ ಹೊತ್ತಿನ ಮೇಲೆ ತಲೆಯೆತ್ತಿದ್ದು, ಆಮೇಲೆ ತಟ್ಟಿದ್ದು, ಎಲ್ಲ ತೋರಿಸಿದಳು. ಹೆಂಗಸರು ಒಬ್ಬರ ಭುಜದ ಮೇಲಿಂದ ಒಬ್ಬರು ಬಗ್ಗಿ ನೋಡಿದರು.

ದೊಡ್ಡಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ಆಯಾ ಫೋನನ್ನು ಅವಳ ಕೈಗೇ ವಾಪಸು ಕೊಟ್ಟಳು.

‘ನೋಡಮ್ಮ, ನೀನು ಟೀವಿಯವಳು. ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡೋದೇ ನಿನ್ನ ಕೆಲಸ. ಸಾಕಿದವಳನ್ನ ಉಳಿಸಿಕೊಳ್ಳೋಕೆ ಇದನ್ನೂ ಹಂಗೇ ಮಾಡ್ಕೊಂಡು ಬಂದಿರ್ತೀಯ. ತಪ್ಪು ಅನ್ನಲ್ಲ. ಆದ್ರೆ ನಾವು ಯಾವುದನ್ನ ನಂಬೋದು ಹೇಳು.’

ನಿಜ ಕತ್ತರಿಯ ಕೈಯಲ್ಲೇ ಇತ್ತು, ಅದನ್ನು ಹಿಡಿದ ಕೈ ತನ್ನದು ಎಂಬ ಕಾರಣಕ್ಕೆ ಅದು ಕಾಸಿನ ಬೆಲೆ ಬಾಳದೆ ಹೋಗಿತ್ತು. ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಮಾತ್ರ ಫೋನಿನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

‘ಹೌದು, ಅದೇ ನನ್ನ ಕೆಲಸ,’ ಎಂದಳು ಕತ್ತರಿ. ‘ಟೀವಿಲಿ ಬಂದದ್ದನ್ನ ಮಾಡಿದ್ದು ನಾನೇ. ಮೇಷ್ಟ್ರು ಬೈದದ್ದಕ್ಕೆ ನಾಚಿಕೆ ಆಗುತ್ತೆ ಅಂದದ್ದನ್ನ, ಇನ್ನೊಬ್ಬಳನ್ನ ಕೊಡ್ತೀನಿ ಅಂದದ್ದನ್ನ ತೆಗೆದೆ. ತೆಗೆದದ್ದು ಕಾಣಬಾರದು ಅಂತ ಚಿಕ್ಕಮ್ಮನ ಚಪ್ಪಾಳೆ ತಂದು ಅಲ್ಲಿಟ್ಟೆ. ಧಣಿ ನಿಮ್ಮನ್ನ ಕಸ ಬಳಿಯೋರು ಅಂದಿದ್ರು, ಅದನ್ನೂ ನಾನೇ ತೆಗೆದಿದ್ದು. ಚಿಕ್ಕಮ್ಮ ಏನೂ ಮಾಡಿಲ್ಲ.’

ಹಿಂದೆ ನಿಂತಿದ್ದ ಒಬ್ಬಳು ಮೆಲ್ಲಗೆ ಫೋನು ಮೇಲೆತ್ತಿ, ಇನ್ನೊಂದು ಸಲ ಹೇಳಮ್ಮ, ಹಿಡಿದುಕೊಳ್ಳುತ್ತೇನೆ ಎಂದಳು. ಚಿಕ್ಕಮ್ಮ ಎದ್ದು ಹೋಗಿ ಆ ಫೋನಿಗೆ ಅಂಗೈ ಅಡ್ಡ ಹಿಡಿದಳು. ಬೇಡ, ಇದನ್ನೂ ಯಾರಾದರೂ ಕತ್ತರಿಸುತ್ತಾರೆ, ಕೇಳಿದ್ದೀರಲ್ಲ ಅಷ್ಟು ಸಾಕು ಎಂದಳು. ದೊಡ್ಡಕ್ಕ ಬಂದು ಚಿಕ್ಕಮ್ಮನ ಹೆಗಲು ಬಳಸಿ ಹಿಡಿದಳು. ಒಬ್ಬಳು ಅಳತೊಡಗಿದಳು, ಇನ್ನೊಬ್ಬಳು ಚಿಕ್ಕಮ್ಮನ ಕೈ ಹಿಡಿದು ತಪ್ಪಾಯ್ತು ತಪ್ಪಾಯ್ತು ಎನ್ನುತ್ತಿದ್ದಳು. ಗೆದ್ದೆ ಅನ್ನಿಸಿತು ಕತ್ತರಿಗೆ. ಕೆಲಸ ಹೋದರೆ ಹೋಗಲಿ, ಚಿಕ್ಕಮ್ಮ ಉಳಿದಳಲ್ಲ ಎಂದುಕೊಂಡು ಅವಳ ಹತ್ತಿರ ಹೋದಳು.

ಚಿಕ್ಕಮ್ಮ ಅವಳನ್ನು ನೋಡಿದಳು, ಹೊಸಬರನ್ನು ನೋಡುವ ಹಾಗೆ.

‘ಆಫೀಸಲ್ಲಿ ಮಾಡಿದ್ದು ಬಿಡು, ಹೊಟ್ಟೆಪಾಡು ಅನ್ನೋಣ,’ ಎಂದಳು. ‘ಮನೇಲಿ, ನಿನ್ನ ಎದುರಿಗೆ ಕೂತು, ನಾನೇ ತಟ್ಟಿದ್ನಾ ಅಂತ ಕೇಳಿದೆ. ನೀನು ಇರಬಹುದು ಅಂದೆ. ಅದನ್ನ ಹೇಳು ಅಂತ ನಿಂಗೆ ಯಾರು ಹೇಳಿದ್ರು ಪುಟ್ಟಿ?’

ಯಾರೂ ಹೇಳಿರಲಿಲ್ಲ. ಮೇಲಿನ ವಾರ್ಡಿನಿಂದ ಯಾರೋ ಆಯಾ, ಆಯಾ ಎಂದು ಕೂಗಿದರು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಹೋಗುತ್ತೇನೆ ಎಂದು ಜೊತೆಯವರಿಗೆ ಹೇಳಿ, ಕತ್ತರಿಯ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿದಳು.