ರನ್‌ವೇ ಗುಡಿಸುವವರು

"ಕಣ್ಣು ಮುಖದ ಮೇಲಿದ್ಯೋ ಅಂಡಿನ ಮೇಲಿದ್ಯೋ ಮುಂಡೇದೆ? ಅಲ್ಲೊಂದು ಕಲ್ಲು ಬಿಟ್ಟಿದೀಯ."

ಸೂಪರ್‌ವೈಸರ್ ಜೀಪಿನಿಂದ ಇಳಿಯಲಿಲ್ಲ, ಬೂಟುಗಾಲು ಚಾಚಿ ತೋರಿಸಿದ. ಅತ್ತೆ ಬಗ್ಗಿ ಕಲ್ಲನ್ನೆತ್ತಿ ಬಕೆಟ್ಟಿಗೆ ಹಾಕಿದಳು. ಸೊಸೆಯ ಬಾಯಲ್ಲಿ ಕೇಳಿ ಕೇಳಿ ಗುಡಿಸುವ ಹೆಂಗಸರೆಲ್ಲ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು.

ಬೆಳಗಿನ ವಿಮಾನ ಹಾರಿದ ಮೇಲೆ ಮಧ್ಯಾಹ್ನದ್ದು ಇಳಿಯುವ ತನಕ ಏಳು ಜನ ಹೆಂಗಸರು ಸಾಲಾಗಿ ರನ್‌ವೇ ಗುಡಿಸಬೇಕು. ಕಾದ ಟಾರು ಚಪ್ಪಲಿ ದಾಟಿ ಸುಡುತ್ತಿತ್ತು. ಒಂದಕ್ಕೆ ಬಂದರೆ ಬೇಲಿಯಂಚಿನ ಹುಲ್ಲೇ ಗತಿ. ಒಳಗಿನ ಫಳಫಳ ಹೊಳೆಯುವ ಪಾಯಿಖಾನೆ ತೊಳೆಯುವವರೂ ಇವರೇ, ಆದರೆ ಅಲ್ಲಿ ಕೂರುವ ಹಾಗಿಲ್ಲ.

"ಅತ್ತೆ, ಇಲ್ಲಿ ನೋಡಿ."

ವಿಮಾನದ ಗಾಲಿ ಮೊದಲು ನೆಲ ಮುಟ್ಟುವ ಜಾಗ. ಟಾರು ಕಿತ್ತು ಗುಂಡಿ ಬಿದ್ದಿತ್ತು. ಸೊಸೆ ಕೈ ಇಳಿಸಿದರೆ ಮೊಣಕೈ ತನಕ ಹೋಯಿತು. "ಮೊನ್ನೆ ಅಂಗೈಯಷ್ಟಿತ್ತು," ಎಂದಳು.

ಸೂಪರ್‌ವೈಸರ್ ಬಂದು ನೋಡಿದ.

"ಮಣ್ಣು ತುಂಬಿ ತುಳೀರಿ."

"ಮಣ್ಣು ನಿಲ್ಲಲ್ಲ ಸಾರ್," ಎಂದಳು ಅತ್ತೆ. "ಟವರಿನೋರಿಗೆ ಹೇಳಿ, ವಿಮಾನ ಬೇರೆ ಕಡೆ ಕಳಿಸ್ತಾರೆ."

"ನಾಳೆ ತಪಾಸಣೆ ಇದೆ. ಇವತ್ತು ರನ್‌ವೇ ಮುಚ್ಚಿಸಿದ್ರೆ ನಮ್ಮ ಗುತ್ತಿಗೇನೇ ಹೋಗುತ್ತೆ. ನೀನೇನು ಇಂಜಿನಿಯರಾ? ಪೊರಕೆ ಹಿಡಿಯೋಳು ಪೊರಕೆ ಹಿಡ್ಕೊಂಡಿರು." ಜೀಪಿನಿಂದ ಪುಸ್ತಕ ತಂದು ಬಿಚ್ಚಿದ. "ಒತ್ತು ಹೆಬ್ಬೆಟ್ಟು. ರನ್‌ವೇ ಸರಿಯಾಗಿದೆ ಅಂತ."

ಅತ್ತೆ ಆ ಪುಸ್ತಕವನ್ನೇ ನೋಡುತ್ತ ನಿಂತಳು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಇಂಥದ್ದೇ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದ. ಆ ಮಧ್ಯಾಹ್ನ ವಿಮಾನದ ಗಾಲಿ ಒಡೆದು, ಅದು ಜಾರಿ ಮೋರಿಗೆ ಬಿದ್ದು ಇಬ್ಬರು ಸತ್ತರು. ಗುಡಿಸುವವನ ಬೇಜವಾಬ್ದಾರಿ ಎಂದು ವರದಿ ಬಂತು. ಟಾರು ಕಿತ್ತುಬಂದಿದ್ದರ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಅಂದು ಗೋಡೆ ಕಡೆ ಮುಖ ಮಾಡಿ ಮಲಗಿದವನು ಇನ್ನೂ ಎದ್ದಿಲ್ಲ. ವಿಮಾನದ ಸದ್ದಾದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ.

"ನಾನು ಒತ್ತಲ್ಲ."

"ನಿನ್ನ ಸೊಸೆ ಒತ್ತಲಿ ಬಿಡು. ಇಲ್ಲಾಂದ್ರೆ ಇಬ್ರೂ ನಾಳೆಯಿಂದ ಮನೇಲೇ ಬಿದ್ದಿರಿ."

ಸೊಸೆಯ ಕೈ ತಾನಾಗಿಯೇ ಮುಂದೆ ಬಂತು. ಅತ್ತೆ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಬೇಡ ಕಣೇ. ಗೋಡೆ ನೋಡ್ಕೊಂಡು ಮಲಗೋಕೆ ಮನೇಲಿ ಒಬ್ರು ಸಾಕು."

ಪೊರಕೆ ಕೆಳಗಿಟ್ಟು, ಗುಂಡಿಯ ಪಕ್ಕ ಕೂತೇಬಿಟ್ಟಳು.

"ಏಯ್, ಎದ್ದೇಳೇ. ವಿಮಾನ ಬರೋ ಹೊತ್ತಾಯ್ತು."

"ಬರ್ಲಿ ಬಿಡಿ ಸಾರ್. ಕಾಲು ನೋಯ್ತಿದೆ. ಹನ್ನೊಂದು ವರ್ಷದಿಂದ ನಿಂತೇ ಇದೀನಿ."

ಅವನು ರಟ್ಟೆ ಹಿಡಿದು ಎಳೆದ. ರವಿಕೆಯ ತೋಳು ಹರಿಯಿತು, ಅವಳು ಏಳಲಿಲ್ಲ. ಸೊಸೆಯೂ ಪಕ್ಕದಲ್ಲಿ ಕೂತಳು. ಉಳಿದವರು ಮುಖ ಮುಖ ನೋಡಿಕೊಂಡರು. ಇಬ್ಬರು, ಮನೆಯಲ್ಲಿ ಎಳೆ ಮಕ್ಕಳಿದ್ದವರು, ತಲೆ ತಗ್ಗಿಸಿ ಬೇಲಿ ಕಡೆ ನಡೆದರು. ಮೂವರು ಕೂತರು.

ಅಷ್ಟರಲ್ಲಿ ದೂರದಲ್ಲಿ ಸದ್ದು ಕೇಳಿಸಿತು. ಸೂಪರ್‌ವೈಸರ್ ಜೀಪು ಹತ್ತಿ ಹುಲ್ಲಿಗೆ ಇಳಿಸಿಕೊಂಡ. "ಯಾರೋ ಹುಚ್ಚು ಮುಂಡೇರು ರನ್‌ವೇ ಮೇಲೆ ಕೂತಿದಾರೆ," ಎಂದು ವಾಕಿಟಾಕಿಯಲ್ಲಿ ಕೂಗಿದ. ಗುಂಡಿಯ ಮಾತೆತ್ತಲಿಲ್ಲ.

ಗಾಲಿ ಇಳಿಸಿಕೊಂಡು ಬಂದ ವಿಮಾನ ತಲೆಯ ಮೇಲೇ ಅಬ್ಬರಿಸಿ ಮತ್ತೆ ಮೇಲಕ್ಕೇರಿತು. ಸೆರಗುಗಳೆಲ್ಲ ಗಾಳಿಗೆ ಹಾರಿದವು. ಟವರಿನಿಂದ ಸೈರನ್ ಶುರುವಾಯಿತು. ಆ ತುದಿಯಿಂದ ಮೂರು ಪೊಲೀಸ್ ಜೀಪುಗಳು ಬರುತ್ತಿದ್ದವು.

"ಜೈಲಿಗೆ ಹಾಕ್ತಾರಾ ಅತ್ತೆ?" ಸೊಸೆ ಇನ್ನಷ್ಟು ಹತ್ತಿರ ಸರಿದು ಕೂತಳು.

"ಹಾಕ್ಬೋದು."

ಅತ್ತೆ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಯಾರೂ ಬಂದು ಮಣ್ಣೆಳೆದು ಮುಚ್ಚದ ಹಾಗೆ ಎರಡೂ ಕಾಲುಗಳನ್ನು ಆ ಗುಂಡಿಯೊಳಗೆ ಇಳಿಬಿಟ್ಟಳು.