ಹೊಲದ ಮೇಲೆ ಒಂದು ಸುತ್ತು

ಸೇಡಂ ಮತ್ತು ಚಿತ್ತಾಪುರದ ನಡುವೆ, ಕಾಗಿಣಾ ಹೊಳೆಯ ದಂಡೆಗೆ ಯಂಕಮ್ಮನ ತೊಗರಿ ಹೊಲ. ಅದರಾಚೆ ಒಂದು ಕಂಪನಿಯವರು ನೆಲ ಸಪಾಟು ಮಾಡಿಸಿ ವಿಮಾನ ಇಳಿಯುವ ಪಟ್ಟಿ ಮಾಡಿಕೊಂಡಿದ್ದರು. ಆಗಾಗ ಹೈದರಾಬಾದಿನಿಂದ ಒಂದು ಸಣ್ಣ ವಿಮಾನ ಬರುತ್ತಿತ್ತು. ಬಂದದ್ದು ನೆಟ್ಟಗೆ ಇಳಿದಿದ್ದರೆ ಯಂಕಮ್ಮ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇಳಿಯುವ ಮೊದಲು ಅದು ಎಡಕ್ಕೆ ಹೊರಳಿ, ಸರಿಯಾಗಿ ಅವಳ ಹೊಲದ ಮೇಲೆ ಹಾದು ಒಂದು ಸುತ್ತು ಹಾಕುತ್ತಿತ್ತು. ಒಳಗೆ ಕೂತವನು ವಾಲಿ ಕೆಳಗೆ ನೋಡುವುದು ಅವಳಿಗೆ ಕಾಣುತ್ತಿತ್ತು.

"ಭೂಮಿ ಅಳಿಲಿಕತ್ತಾರ," ಎಂದಳು ಗಂಡ ಬಸವಂತರಾಯನಿಗೆ. "ಆವಾಗ ಸರಪಳಿ ಹಿಡಿದು ಬಂದ್ರು, ಬಾಜೂಕಿನ ಮಹಾದೇವಮ್ಮನ ಹೊಲ ಪಟ್ಟಿಗೆ ಹೋಯ್ತು. ಈಗ ಮ್ಯಾಲಿಂದ ಬಂದಾರ. ನಮ್ಮ ಪಾಳಿ."

"ನಿನ್ನ ತಮ್ಮ ಅಲ್ಲೇ ಅದಾನಲ್ಲ, ಕೇಳು."

"ಅವ ಕಂಪನಿ ಉಪ್ಪು ತಿಂತಾನ. ಖರೆ ಹೇಳ್ತಾನೇನು?"

ತಮ್ಮ ಸೂರ್ಯಕಾಂತ ವಾಯುಪಡೆಯಲ್ಲಿ ವೈರ್‌ಲೆಸ್ ಕೆಲಸ ಮಾಡಿ ಊರಿಗೆ ಬಂದವನು. ಈಗ ಪಟ್ಟಿ ನೋಡಿಕೊಳ್ಳುವುದು ಅವನ ಕೆಲಸ. ಯಂಕಮ್ಮ ಒಂದು ದಿನ ಅವನ ಕೋಣೆಯ ಬಾಗಿಲಲ್ಲಿ ಹೋಗಿ ಕೂತಳು. ವಿಮಾನ ಬರುವ ಹೊತ್ತು. ವೈರ್‌ಲೆಸ್ ಡಬ್ಬಿ ಗೊರಗೊರ ಎಂದು ಪೈಲಟ್‌ನ ದನಿ ಬಂತು. ಅವನು ಏನೋ ಹೇಳಿದ, ಸುಮ್ಮನಾದ, ಮತ್ತೆ ಹೇಳಿದ. ಯಾರೂ ಉತ್ತರ ಕೊಡಲಿಲ್ಲ.

"ಯಾರ ಜೋಡಿ ಮಾತಾಡ್ಲಿಕತ್ತಾನ?"

"ಹತ್ತಿರ ಯಾರರೆ ಹಾರಾಕತ್ತಿದ್ರ ಅವರಿಗೆ ಕೇಳ್ಲಿ ಅಂತ, ಅಕ್ಕಾ. ನಾ ಎಲ್ಲಿ ಅದೀನಿ, ಎಷ್ಟು ಎತ್ತರ ಅದೀನಿ, ಯಾವ ಕಡೆ ಹೊರಳ್ತೀನಿ, ಅದನ್ನ ಹೇಳ್ತಾನ."

"ಮಂದಿ ಇಲ್ಲದಲ್ಲಿ ಮಾತಾಡವ್ರು ಒಂದೋ ಹುಚ್ಚರು, ಇಲ್ಲಾ ಕಳ್ಳರು."

ಸೂರ್ಯಕಾಂತ ನಕ್ಕ. "ದೊಡ್ಡ ಊರಾಗ ಕಂಟ್ರೋಲ್ ಟವರ್ ಇರ್ತದ. ಅದರಾಗ ಕುಂತವರು ನೀ ಬಾ, ನೀ ತಡಿ ಅಂತ ಹೇಳ್ತಾರ. ಇಲ್ಲಿ ಹಂಗ ಹೇಳೋ ಅಧಿಕಾರ ಯಾರಿಗೂ ಇಲ್ಲ. ಅದಕ್ಕ ಪೈಲಟ್ ತಾನೇ ಹೇಳಬೇಕು, ತಾನೇ ನೋಡಬೇಕು. ಸುತ್ತು ಹಾಕಿ ನೋಡ್ತಾನ."

"ನೋಡ್ತಾನ ಅಂತ ನೀನೇ ಅಂದಿ," ಎಂದು ಯಂಕಮ್ಮ ಸೆರಗು ಕೊಡವಿ ಎದ್ದಳು.

ಮರುದಿನವೇ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕಂಪನಿಯ ಮ್ಯಾನೇಜರನ ಮುಂದೆ ನಿಂತಳು. ನಮ್ಮ ಹೊಲದ ಮೇಲೆ ತಿರುಗಬೇಡಿ ಎಂದಳು. ಮ್ಯಾನೇಜರನಿಗೆ ಊರವರ ಜೊತೆ ಜಗಳ ಬೇಡವಾಗಿತ್ತು. ದೂರದಿಂದಲೇ ನೆಟ್ಟಗೆ ಬಂದು ಇಳಿಯಲು ಪೈಲಟ್‌ಗೆ ಹೇಳಿಬಿಟ್ಟ. ಸೂರ್ಯಕಾಂತ ಬೇಡವೆಂದದ್ದು ಅವನ ಕಿವಿಗೆ ಬೀಳಲಿಲ್ಲ. ಸುತ್ತು ನಿಂತಿತು. ಸುತ್ತು ಬಿಟ್ಟ ಮೇಲೆ ಪೈಲಟ್ ವೈರ್‌ಲೆಸ್‌ನಲ್ಲಿ ಹೇಳುವುದೂ ಸಡಿಲವಾಯಿತು. ಒಂದು ದಿನ ಹೇಳಿದರೆ ಇನ್ನೊಂದು ದಿನ ಇಲ್ಲ.

ಇತ್ತ ಯಂಕಮ್ಮನ ಅನುಮಾನ ಕಡಿಮೆಯಾಗುವ ಬದಲು ಗಟ್ಟಿಯಾಯಿತು. ಮನಸ್ಸಿನಲ್ಲಿ ಕಳ್ಳತನ ಇಲ್ಲದಿದ್ದರೆ ಇಷ್ಟು ಸುಲಭವಾಗಿ ಯಾಕೆ ಒಪ್ಪುತ್ತಿದ್ದರು?

ಚಳಿ ಬಿದ್ದು ತೊಗರಿ ಕಾಯಿ ಕಟ್ಟುವಾಗ ಹುಳ ಬಿತ್ತು. ಔಷಧ ಹೊಡೆಯಲು ಸರ್ಕಾರದವರು ಇನ್ನೊಂದು ವಿಮಾನ ತರಿಸಿದರು. ಹಳದಿ ಬಣ್ಣದ್ದು, ತೀರಾ ಸಣ್ಣದು. ರೆಕ್ಕೆ ಪೈಲಟ್‌ನ ತಲೆಯ ಮೇಲಿತ್ತು. ಅದರಲ್ಲಿ ವೈರ್‌ಲೆಸ್ ಇರಲಿಲ್ಲ. ಎಲ್ಲಿಯವರೆಗೆ ಹೊಡೆದಾಗಿದೆ ಎಂದು ತೋರಿಸಲು ಕೆಳಗೆ ನಿಶಾನೆ ಹಿಡಿದು ನಿಲ್ಲುವವರು ಬೇಕಿತ್ತು. ಬಸವಂತರಾಯ ಮುಖಕ್ಕೆ ಒದ್ದೆ ವಸ್ತ್ರ ಕಟ್ಟಿಕೊಂಡು ಬಿಳಿ ನಿಶಾನೆ ಹಿಡಿದ.

ಹಳದಿ ವಿಮಾನ ಔಷಧ ಮುಗಿಸಿ ತುಂಬಿಸಿಕೊಳ್ಳಲು ಪಟ್ಟಿಯ ಕಡೆ ಹೊರಳಿದಾಗ ಯಂಕಮ್ಮ ನೀರಿನ ಕೊಡ ಹೊತ್ತು ಬದುವಿನ ಮೇಲೆ ಬರುತ್ತಿದ್ದಳು. ಆಗ ಇನ್ನೊಂದು ಸಪ್ಪಳ ಕೇಳಿಸಿತು. ಕಂಪನಿಯ ವಿಮಾನ. ಸುತ್ತಿಲ್ಲ, ಮಾತಿಲ್ಲ, ದೂರದಿಂದ ನೆಟ್ಟಗೆ ಇಳಿಯುತ್ತ ಬರುತ್ತಿದೆ. ಹಳದಿಯದು ಅದರ ಕೆಳಗೇ ಬಂದು ಸೇರಿತು. ಒಂದರ ಮೇಲೊಂದು, ಎರಡೂ ಒಂದೇ ಪಟ್ಟಿಗೆ. ಮೇಲಿನವನಿಗೆ ತನ್ನ ಕಾಲಡಿಯ ರೆಕ್ಕೆಯಿಂದಾಗಿ ಕೆಳಗಿನದು ಕಾಣುತ್ತಿಲ್ಲ. ಕೆಳಗಿನವನಿಗೆ ತಲೆಯ ಮೇಲಿನ ರೆಕ್ಕೆಯೇ ಅಡ್ಡ. ಎರಡರ ನಡುವಿನ ಬೆಳಕು ಸಣ್ಣದಾಗುತ್ತ ಹೋಯಿತು. ಅವುಗಳ ನೇರ ಕೆಳಗೆ, ಪಟ್ಟಿಯ ತುದಿಗೆ ಹತ್ತಿದ ಹೊಲದಲ್ಲಿ, ಬಸವಂತರಾಯ ನಿಂತಿದ್ದ.

ಯಂಕಮ್ಮನ ತಲೆಯಿಂದ ಕೊಡ ಬಿತ್ತು. ಬಸವಂತರಾಯ ನಿಶಾನೆ ಬೀಸಿದ. ಮೇಲೆ ಯಾರೂ ನೋಡಲಿಲ್ಲ. ಎರಡು ಸಪ್ಪಳ ಕೇಳಿ ಹೊರಗೆ ಬಂದ ಸೂರ್ಯಕಾಂತ ಒಮ್ಮೆ ಮೇಲೆ ನೋಡಿದವನೇ ಒಳಗೆ ಓಡಿ ವೈರ್‌ಲೆಸ್ ಹಿಡಿದ. "ನಿನ್ನ ಕೆಳಗೆ ವಿಮಾನ ಇದೆ. ಮೇಲೇಳು." ಕಂಪನಿಯ ವಿಮಾನ ಗರ್ಜಿಸಿ ಮೂಗೆತ್ತಿತು. ಅದರ ಗಾಳಿಗೆ ಹಳದಿಯದು ತತ್ತರಿಸಿ, ಸಾವರಿಸಿಕೊಂಡು, ಪಟ್ಟಿಗೆ ಮುಟ್ಟಿತು.

ಯಂಕಮ್ಮ ಗಂಡನ ತೋಳು ಹಿಡಿದು ಪಟ್ಟಿಗೆ ಬಂದಳು. ಅಷ್ಟರಲ್ಲಿ ಕಂಪನಿಯ ವಿಮಾನವೂ ಒಂದು ಸುತ್ತು ಹಾಕಿ ಇಳಿದಿತ್ತು. ಆ ಪೈಲಟ್ ರೆಕ್ಕೆಗೆ ಒರಗಿ ನಿಂತಿದ್ದ.

"ಇವನಿಗೆ ಕೇಳು," ಎಂದಳು ತಮ್ಮನಿಗೆ. "ಮೊದಲೆಲ್ಲ ಸುತ್ತು ಹಾಕುವಾಗ ಏನು ನೋಡ್ತಿದ್ದ?"

ಪೈಲಟ್ ಹಿಂದಿಯಲ್ಲಿ ಹೇಳಿದ್ದನ್ನು ಸೂರ್ಯಕಾಂತ ತಿಳಿಸಿದ. "ಪಟ್ಟಿ ಮ್ಯಾಲ ದನ ಅವ ಏನು, ಮಂದಿ ಅದಾರ ಏನು, ಇನ್ನೊಂದು ವಿಮಾನ ಅದ ಏನು, ಅದನ್ನ ನೋಡ್ತಿದ್ದನಂತ. ಎಲ್ಲರೂ ಎಡಕ್ಕೇ ಹೊರಳಿದ್ರ ಯಾರು ಎಲ್ಲಿ ಅದಾರ ಅಂತ ಒಬ್ಬರನ್ನೊಬ್ಬರು ಹುಡುಕೋದು ಸುಲಭ. ವೈರ್‌ಲೆಸ್ ಇಲ್ಲದವನಿಗೆ ಮಾತು ಕೇಳ್ಸಂಗಿಲ್ಲ, ಅವನನ್ನ ಕಣ್ಣಿಲೇ ಹುಡುಕಬೇಕು. ಆಕಾಶ ಖಾಲಿ ಅದ ಅಂತ ಎಂದೂ ನಂಬಬಾರದಂತ, ಅಕ್ಕಾ. ಯಾವಾಗ್ಲೂ ಅನುಮಾನ ಇರಬೇಕಂತ. ಇವತ್ತು ನಂಬಿದ್ದೇ ತಪ್ಪಾಯ್ತು ಅಂತಾನ."

ಯಂಕಮ್ಮ ಪೈಲಟ್‌ನ ಮುಖ ನೋಡಿದಳು. ಸುಳ್ಳು ಹೇಳುವವರ ಮುಖ ಅವಳು ಕಂಡಿದ್ದಳು. ಇದು ಅದಲ್ಲ.

ಸಂಜೆ ಅದೇ ಹೆಂಗಸರೊಡನೆ ಮತ್ತೆ ಮ್ಯಾನೇಜರನ ಬಳಿ ಹೋದಳು. "ತಿರುಗ್ರಿ ಸಾಹೇಬ್ರ. ನಾ ಬ್ಯಾಡ ಅಂದಿದ್ದು ತಪ್ಪಾಯ್ತು. ಆದ್ರ ಭೂಮಿ ಬೇಕಾದ್ರ ಮುಂದ ಬಂದು ಕೇಳ್ರಿ, ಮುಚ್ಚಿಡಬ್ಯಾಡ್ರಿ. ಮತ್ತ ಎರಡು ವಿಮಾನ ಹಾರೋ ದಿನ ಇಬ್ಬರು ಪೈಲಟ್‌ರೂ ಮೊದಲ ಕುಂತು ಮಾತಾಡ್ಕೊಂಡು ಏಳ್ಲಿ."

ಮ್ಯಾನೇಜರ್ ಆಗಲಿ ಎಂದ. ಅವನ ಮಾತನ್ನು ನಂಬದ ಯಂಕಮ್ಮ ಮುಂದಿನ ಸಲ ತಾನೇ ಬದುವಿನ ಮೇಲೆ ನಿಂತು, ಇಬ್ಬರೂ ಮಾತಾಡಿಕೊಂಡರೋ ಇಲ್ಲವೋ ಎಂದು ನೋಡಿದಳು.

ವಿಮಾನ ಹಾರಿಸುವ ಅಣ್ಣಂದಿರೇ, ಟವರ್ ಇಲ್ಲದ ಪಟ್ಟಿಗೆ ಬರುವಾಗ ದೂರದಿಂದಲೇ ಮಾತಾಡಿ, ಹೊರಳುವಾಗಲೆಲ್ಲ ಮಾತಾಡಿ. ಉತ್ತರ ಬರಲಿಲ್ಲವೆಂದು ಯಾರೂ ಇಲ್ಲ ಅಂದುಕೊಳ್ಳಬೇಡಿ. ಎಲ್ಲರೂ ಹಾಕುವ ಸುತ್ತನ್ನೇ ಹಾಕಿ. ಮೇಲೆ, ಕೆಳಗೆ, ಎರಡೂ ಬದಿಗೆ ಕಣ್ಣಾಡಿಸಿ. ಅನುಮಾನ ಬಂದರೆ ಇಳಿಯುವುದನ್ನು ಬಿಟ್ಟು ಮೇಲೇಳಿ. ಪಟ್ಟಿಯ ಸುತ್ತ ಬಾಳುವ ಅಕ್ಕ ತಂಗಿಯರೇ, ವಿಮಾನ ಯಾಕೆ ತಿರುಗುತ್ತದೆಂದು ಸಂಶಯ ಬಂದರೆ ಕೇಳಿ, ಕೇಳುವುದು ನಿಮ್ಮ ಹಕ್ಕು. ಆದರೆ ಆ ಸುತ್ತನ್ನು ತಡೆಯಬೇಡಿ. ಅದರ ಕೆಳಗೆ ನಿಂತವರು ನಿಮ್ಮ ಮನೆಯವರೇ.